ಯಾವ ದೇಶಕ್ಕೆ ಹೋಗುವುದು? ನೀರಿನ ಲೆಕ್ಕಕ್ಕೆ ಎಷ್ಟು ತೂಕ ಕೊಡಬೇಕು?

ದೂರದಾರಿ:

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿ ಐಸಿಯು ನರ್ಸ್. ನನ್ನದು ಅಕೌಂಟ್ಸ್ ಕೆಲಸ. ಮಗಳಿಗೆ ಆರು ವರ್ಷ. ಬೇರೆ ದೇಶಕ್ಕೆ ಹೋಗಿ ನೆಲೆಸುವುದು ಅಂತ ತೀರ್ಮಾನ ಮಾಡಿದ್ದೇವೆ. ಹೆಂಡತಿಯ ಕೆಲಸದ ಮೇಲೆ ಮೂರು ಊರುಗಳಲ್ಲಿ ದಾರಿ ತೆರೆದಿದೆ. ಆಸ್ಟ್ರೇಲಿಯಾದ ಪರ್ತ್, ಕೆನಡಾದ ಕ್ಯಾಲ್ಗರಿ, ಐರ್ಲೆಂಡಿನ ಡಬ್ಲಿನ್. ವೀಸಾ, ಸಂಬಳ, ಶಾಲೆ ಎಲ್ಲ ಅಳೆದು ನೋಡಿದೆವು. ಒಂದರಲ್ಲಿ ಇದು ಜಾಸ್ತಿ, ಇನ್ನೊಂದರಲ್ಲಿ ಅದು ಜಾಸ್ತಿ. ಕೊನೆಗೆ ಮೂರೂ ಸಮ ಅನ್ನಿಸುತ್ತಿದೆ.

ನನ್ನ ತಲೆಯಲ್ಲಿ ಕೊರೆಯುತ್ತಿರುವುದು ನೀರು. ನಾವು ಹೋಗುವುದು ನಾಲ್ಕು ವರ್ಷ ದುಡಿದು ಬರುವುದಕ್ಕಲ್ಲ. ಮಗಳು ಅಲ್ಲೇ ಬೆಳೆಯುತ್ತಾಳೆ. 2060ರ ಹೊತ್ತಿಗೆ ಅವಳಿಗೆ ನಲವತ್ತು ದಾಟಿರುತ್ತದೆ. ಆಗ ಅವಳ ಮನೆಯ ನಲ್ಲಿಯಲ್ಲಿ ನೀರು ಬರುತ್ತದಾ ಅಂತ ಯೋಚನೆ ಮಾಡುವುದು ಅತಿಯಾಯಿತು ಅಂತ ನೆಂಟರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಸ್ವಲ್ಪ ಓದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ದೇಶ ದೇಶದ ನೀರಿನ ಲೆಕ್ಕ ಇಡುತ್ತಾರೆ. ಅದರ ಪ್ರಕಾರ ತಲೆಗೆ ವರ್ಷಕ್ಕೆ ಸಿಗುವ ಸಿಹಿನೀರು ಕೆನಡಾದಲ್ಲಿ 75 ಸಾವಿರ ಘನ ಮೀಟರ್ ಆಸುಪಾಸು. ಆಸ್ಟ್ರೇಲಿಯಾದಲ್ಲಿ 19 ಸಾವಿರದ ಹತ್ತಿರ. ಐರ್ಲೆಂಡಿನಲ್ಲಿ 10 ಸಾವಿರ. ಹಾಗಾದರೆ ಮಳೆಯ ನಾಡು ಅನ್ನುವ ಐರ್ಲೆಂಡಿಗಿಂತ ಒಣ ಆಸ್ಟ್ರೇಲಿಯಾದಲ್ಲಿ ನೀರು ಜಾಸ್ತಿ ಅಂತ ಆಯಿತಲ್ವಾ? ಈ ಲೆಕ್ಕವನ್ನು ಎಷ್ಟು ನಂಬಬೇಕು? ನೀರಿನ ವಿಷಯ ದೇಶ ಆರಿಸುವುದಕ್ಕೆ ಒಂದು ಕಾರಣ ಆಗಬೇಕಾ, ಇಲ್ಲ ಸುಮ್ನೆ ಚಿಂತೆಯಾ?

ಇನ್ನೊಂದು ಮಾತು. ನೀರಿಗೆ ಮೊದಲೇ ತೊಂದರೆ ಇರುವ ಊರಿಗೆ ನಾವು ಮೂವರು ಹೋಗಿ ಸೇರಿಕೊಳ್ಳುವುದು ಸರಿಯಾ ಅನ್ನುವ ಪ್ರಶ್ನೆ ನನ್ನ ಹೆಂಡತಿಯದು. ಅದಕ್ಕೂ ತಿಳಿದವರು ಹೇಳಿ.

ತೂಬು:

ನಾನು ನಗರಗಳ ನೀರು ಸರಬರಾಜು ಯೋಜನೆ ಮಾಡುವ ಎಂಜಿನಿಯರ್. ಪೈಪು, ಪಂಪು, ಜಲಾಶಯ, ಇದೇ ನನ್ನ ದಿನದ ಕೆಲಸ. ನಿಮ್ಮ ಪ್ರಶ್ನೆ ಸುಮ್ನೆ ಚಿಂತೆ ಅಲ್ಲ. ಮನೆ ಮಂದಿಯೆಲ್ಲ ಹೊರಡುವವರು ಇದನ್ನು ಕೇಳಲೇಬೇಕು. ಕೇಳುವವರು ಕಡಿಮೆ ಅನ್ನುವುದು ನನಗೆ ಬೇಸರದ ವಿಷಯ.

ಆದರೆ ದೇಶದ ಸರಾಸರಿಯನ್ನು ಪಕ್ಕಕ್ಕಿಡಿ. ತಲೆಗೆ 1,700 ಘನ ಮೀಟರ್‌ಗಿಂತ ಕಡಿಮೆ ಇದ್ದರೆ ಒತ್ತಡ, 1,000ಕ್ಕಿಂತ ಕಡಿಮೆ ಇದ್ದರೆ ಕೊರತೆ, 500ಕ್ಕಿಂತ ಕೆಳಗೆ ಹೋದರೆ ತೀವ್ರ ಕೊರತೆ ಎನ್ನುವ ಅಳತೆ ಸ್ವೀಡನ್ನಿನ ಮಾಲಿನ್ ಫಾಲ್ಕೆನ್‌ಮಾರ್ಕ್ ಅವರಿಂದ ಬಂದದ್ದು. ನಿಮ್ಮ ಮೂರು ದೇಶಗಳೂ ಆ ಗೆರೆಯಿಂದ ಎಷ್ಟೋ ಮೇಲಿವೆ. ಅದೇ ಅಳತೆ ಹಿಡಿದರೆ ಸಿಂಗಪುರ ತಲೆಗೆ ನೂರು ಘನ ಮೀಟರ್ ಆಸುಪಾಸಿನಲ್ಲಿ, ತಳದಲ್ಲಿ ಇರುತ್ತದೆ. ಅಲ್ಲಿ ನಲ್ಲಿ ತಿರುಗಿಸಿದರೆ ಇಪ್ಪತ್ನಾಲ್ಕು ಗಂಟೆಯೂ ಕುಡಿಯುವ ನೀರು. ದೇಶದಲ್ಲಿ ಹರಿಯುವ ನೀರು ಬೇರೆ, ನಲ್ಲಿಗೆ ಬರುವ ನೀರು ಬೇರೆ. ಆಸ್ಟ್ರೇಲಿಯಾದ ಹೆಚ್ಚಿನ ನೀರು ಉತ್ತರದ ಉಷ್ಣವಲಯದಲ್ಲಿ ಸುರಿಯುತ್ತದೆ. ಪರ್ತ್ ಇರುವುದು ನೈಋತ್ಯದ ತುದಿಯಲ್ಲಿ. ಕೆನಡಾದ ದೊಡ್ಡ ನದಿಗಳಲ್ಲಿ ಹಲವು ಜನ ಇಲ್ಲದ ಉತ್ತರದ ಕಡೆಗೆ ಹರಿದುಹೋಗುತ್ತವೆ. ಕ್ಯಾಲ್ಗರಿಗೆ ಸಿಗುವುದು ಬೆಟ್ಟದ ಹಿಮ ಕರಗಿ ಬರುವ ಎರಡು ನದಿಗಳು ಮಾತ್ರ, ಬೋ ಮತ್ತು ಎಲ್ಬೋ.

ಹಾಗಾಗಿ ದೇಶವನ್ನಲ್ಲ, ಊರನ್ನು ನೋಡಿ. ಊರಿನ ನೀರು ಎಲ್ಲಿಂದ ಬರುತ್ತದೆ? ಆ ಮೂಲ ಕೈಕೊಟ್ಟರೆ ಎರಡನೆಯದು ಇದೆಯಾ? ಬರ ಬಂದ ವರ್ಷ ಮೊದಲು ಯಾರ ನೀರು ನಿಲ್ಲಿಸುತ್ತಾರೆ? ನಾನಾದರೆ ಇಷ್ಟು ಕೇಳುತ್ತೇನೆ. ಇದನ್ನು ಹಿಡಿದುಕೊಂಡು ನಿಮ್ಮ ಮೂರು ಊರುಗಳನ್ನು ನೋಡಿದರೆ ಚಿತ್ರವೇ ಬದಲಾಗುತ್ತದೆ.

ಮೊದಲು ಪರ್ತ್. ಅಲ್ಲಿ ಮಳೆ 1970ರ ದಶಕದಿಂದ ಇಳಿಯುತ್ತಲೇ ಇದೆ. ಮಳೆ ಇಳಿದದ್ದಕ್ಕಿಂತ ಎಷ್ಟೋ ಹೆಚ್ಚು ಅಣೆಕಟ್ಟುಗಳ ಒಳಹರಿವು ಇಳಿಯಿತು. 1975ಕ್ಕೆ ಮುಂಚೆ ವರ್ಷಕ್ಕೆ ಸರಾಸರಿ 42 ಸಾವಿರ ಕೋಟಿ ಲೀಟರ್ ಬರುತ್ತಿತ್ತು. ಈಚಿನ ವರ್ಷಗಳಲ್ಲಿ ಅದರ ಐದನೇ ಒಂದು ಪಾಲಿನ ಆಸುಪಾಸು. ಯಾಕೆ ಹೀಗೆ ಅಂದರೆ, ಮಣ್ಣು ಮೊದಲು ತಾನು ಕುಡಿಯುತ್ತದೆ. ಕಾಡು ಕುಡಿಯುತ್ತದೆ. ಅವು ಕುಡಿದು ಮಿಕ್ಕಿದ್ದು ಮಾತ್ರ ಹೊಳೆಗೆ ಇಳಿಯುತ್ತದೆ. ಮಳೆ ಸ್ವಲ್ಪ ಕಡಿಮೆಯಾದರೂ ಆ ಮಿಕ್ಕಿದ ಭಾಗಕ್ಕೇ ಪೆಟ್ಟು. ನೀವು ಯಾವ ಊರಿನ ವಿಷಯ ಓದಿದರೂ ಇದನ್ನು ನೆನಪಿಡಿ. ಮಳೆ ನೂರಕ್ಕೆ ಹತ್ತು ಪಾಲು ಕಡಿಮೆಯಾಗುತ್ತದೆ ಅಂತ ಬರೆದಿದ್ದರೆ ಜಲಾಶಯಕ್ಕೆ ಬರುವ ನೀರು ಹತ್ತೇ ಪಾಲು ಕಡಿಮೆಯಾಗುತ್ತದೆ ಅಂತ ಅರ್ಥ ಅಲ್ಲ.

ಇಷ್ಟು ಕೇಳಿದರೆ ಪರ್ತ್ ಬೇಡ ಅನ್ನಿಸಬಹುದು. ನನ್ನ ಅಭಿಪ್ರಾಯ ಅದಕ್ಕೆ ಉಲ್ಟಾ. ಕಷ್ಟ ಮೊದಲೇ ಬಂದದ್ದರಿಂದ ಅವರು ಮೊದಲೇ ಎದ್ದು ಕೂತರು. 2006ರಲ್ಲಿ ಕ್ವಿನಾನಾದಲ್ಲಿ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಘಟಕ ಶುರುವಾಯಿತು. ವರ್ಷಕ್ಕೆ 4,500 ಕೋಟಿ ಲೀಟರ್ ಕೊಡುವ ಸಾಮರ್ಥ್ಯ. 2011ರಲ್ಲಿ ಬಿನಿಂಗಪ್‌ನಲ್ಲಿ ಇನ್ನೊಂದು, ಮುಂದೆ ಅದನ್ನು 10 ಸಾವಿರ ಕೋಟಿ ಲೀಟರ್‌ಗೆ ಹಿಗ್ಗಿಸಿದರು. ಮೂರನೆಯದಕ್ಕೆ ಆಲ್ಕಿಮಾಸ್‌ನಲ್ಲಿ ಕೆಲಸ ಹಿಡಿದರು. 2017ರಿಂದ ಕೊಳಚೆ ನೀರನ್ನು ಕುಡಿಯುವ ಮಟ್ಟಕ್ಕೆ ಶುದ್ಧ ಮಾಡಿ ನೆಲದೊಳಗೆ ಇಳಿಸುತ್ತಿದ್ದಾರೆ. ಅಂತರ್ಜಲ ಹೇಗೂ ಇದೆ. ಈಗ ಅಣೆಕಟ್ಟು ಅಲ್ಲಿ ಮುಖ್ಯ ಮೂಲ ಅಲ್ಲ, ಬೇರೆ ಕಡೆಯ ನೀರು ತುಂಬಿಡುವ ಜಾಗವೂ ಹೌದು. ಮಳೆ ಪೂರ್ತಿ ಕೈಕೊಟ್ಟ ವರ್ಷವೂ ಕುಡಿಯುವ ನೀರು ನಿಲ್ಲದ ಹಾಗೆ ಕಟ್ಟಿದ್ದಾರೆ.

ಅದಕ್ಕೆ ಬೆಲೆ ಇದೆ. ಉಪ್ಪು ತೆಗೆಯುವುದಕ್ಕೆ ಸಾವಿರ ಲೀಟರ್‌ಗೆ ಮೂರರಿಂದ ನಾಲ್ಕು ಯೂನಿಟ್ ಕರೆಂಟ್ ಬೇಕು. ಉಳಿಯುವ ಕಡು ಉಪ್ಪು ನೀರು ಮತ್ತೆ ಸಮುದ್ರಕ್ಕೆ ಹೋಗುತ್ತದೆ. ನೀರಿನ ಪ್ರಶ್ನೆ ಅಲ್ಲಿಗೆ ಕರೆಂಟಿನ ಪ್ರಶ್ನೆ ಆಯಿತು. ಆದರೂ ಕರೆಂಟನ್ನು ಹಲವು ದಾರಿಯಲ್ಲಿ ಮಾಡಬಹುದು. ಇಲ್ಲದ ಮಳೆಯನ್ನು ಮಾಡಲಾಗುವುದಿಲ್ಲ.

ಇನ್ನು ಡಬ್ಲಿನ್. ಮಳೆ ಬೇಕಾದಷ್ಟು ಬರುತ್ತದೆ. ಆದರೆ ಡಬ್ಲಿನ್ ಸುತ್ತಮುತ್ತ ಕುಡಿಯುವ ನೀರಿನಲ್ಲಿ ನೂರಕ್ಕೆ 85 ಪಾಲು ಲಿಫಿ ಅನ್ನುವ ಒಂದೇ ನದಿಯಿಂದ ಬರುತ್ತದೆ. ಪಶ್ಚಿಮದ ಶಾನನ್ ನದಿಯಿಂದ ಸುಮಾರು 170 ಕಿಲೋಮೀಟರ್ ಪೈಪು ಹಾಕಿ ನೀರು ತರಬೇಕು ಅನ್ನುವ ಯೋಜನೆ ಎರಡು ದಶಕಕ್ಕೂ ಹಿಂದಿನದು. ಸರ್ಕಾರ ಅದರ ಮೊದಲ ಹಂತದ ವೆಚ್ಚದ ಲೆಕ್ಕಕ್ಕೆ ಒಪ್ಪಿಗೆ ಕೊಟ್ಟದ್ದು 2024ರಲ್ಲಿ. ಹಾಗೆಯೇ, ಶುದ್ಧ ಮಾಡಿ ಬಿಟ್ಟ ನೀರಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ದಾರಿಯಲ್ಲೇ ಸೋರಿಹೋಗುತ್ತದೆ. 2018ರ ಬೇಸಿಗೆಯಲ್ಲಿ ಕೆಲವು ವಾರ ಮಳೆ ಬರಲಿಲ್ಲ. ಅಷ್ಟಕ್ಕೇ ತೋಟಕ್ಕೆ ಪೈಪು ಹಿಡಿಯಬಾರದು ಅನ್ನುವ ನಿಷೇಧ ಬಂತು, ಮೊದಲು ಡಬ್ಲಿನ್ ಭಾಗಕ್ಕೆ, ಆಮೇಲೆ ದೇಶಕ್ಕೆಲ್ಲ. 2019ರ ಅಕ್ಟೋಬರ್‌ನಲ್ಲಿ ಲೀಕ್ಸ್‌ಲಿಪ್‌ನ ಶುದ್ಧೀಕರಣ ಘಟಕದಲ್ಲಿ ತೊಂದರೆಯಾಗಿ ಸುಮಾರು 6 ಲಕ್ಷ ಜನ ನೀರು ಕುದಿಸಿ ಕುಡಿಯಬೇಕಾಯಿತು. ಆಕಾಶದಲ್ಲಿ ನೀರಿಗೆ ಬರ ಇಲ್ಲ. ಊರಿನ ಒಳಗೆ ಮಿಕ್ಕು ಇಟ್ಟುಕೊಂಡ ಸಾಮರ್ಥ್ಯ ಇಲ್ಲ.

ಆದರೆ ಡಬ್ಲಿನ್ನಿನ ತೊಂದರೆ ಪೈಪು ಹಾಕಿ, ಸೋರಿಕೆ ಕಟ್ಟಿ ಸರಿಮಾಡಬಹುದಾದ ತೊಂದರೆ. ನದಿಯಲ್ಲೇ ನೀರಿಲ್ಲದ ಊರಿಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಮಗಳ 2060ರ ಲೆಕ್ಕ ಹಾಕುವಾಗ ಇದನ್ನೂ ಹಾಕಿ.

ಕ್ಯಾಲ್ಗರಿಯ ಬಗ್ಗೆ ಅಲ್ಲೇ ಇರುವವರು ಬರೆದರೆ ಒಳ್ಳೆಯದು. ನಾನು ಒಂದೇ ವಿಷಯ ಹೇಳುತ್ತೇನೆ. ಬೋ ನದಿಯ ಕಣಿವೆಯಲ್ಲಿ ಹೊಸದಾಗಿ ನೀರೆತ್ತುವ ಲೈಸೆನ್ಸ್ ಕೊಡುವುದನ್ನು ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದ ಸರ್ಕಾರ 2006ರಲ್ಲೇ ನಿಲ್ಲಿಸಿದೆ. ಅಲ್ಲಿ ಮೊದಲು ಲೈಸೆನ್ಸ್ ಪಡೆದವರಿಗೆ ಮೊದಲ ಹಕ್ಕು. 1894ರ ಕಾನೂನಿನಿಂದ ಬಂದ ಪದ್ಧತಿ ಅದು. ಅದರಲ್ಲಿ ದೊಡ್ಡ ಪಾಲು ಹೊಲಗಳ ನೀರಾವರಿಯದು. ತಲೆಗೆ 75 ಸಾವಿರ ಘನ ಮೀಟರ್ ಇರುವ ದೇಶದ ಒಳಗೇ ಇಂಥ ಕಣಿವೆ ಇದೆ ನೋಡಿ.

ಸ್ವಾನ್ ದಂಡೆ:

ನಾನು ಪರ್ತ್‌ನಲ್ಲೇ ಇರುವವಳು. ತೂಬು ಅವರು ಹೇಳಿದ್ದಕ್ಕೆ ಮನೆಯೊಳಗಿನ ಚಿತ್ರ ಸೇರಿಸುತ್ತೇನೆ.

ಮನೆಯ ಒಳಗೆ ನೀರಿಗೆ ತೊಂದರೆ ಅನ್ನುವುದೇ ಇಲ್ಲ. ಸ್ನಾನ, ಬಟ್ಟೆ, ಅಡುಗೆ, ಯಾವುದಕ್ಕೂ ಹೊತ್ತು ನೋಡಬೇಕಾಗಿಲ್ಲ. ನಿಯಮ ಇರುವುದೆಲ್ಲ ಹೊರಗೆ. ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವುದಕ್ಕೆ ವಾರಕ್ಕೆ ಎರಡು ದಿನ. ನಿಮ್ಮ ಮನೆಯ ನಂಬರ್‌ನ ಕೊನೆಯ ಅಂಕಿ ನೋಡಿ ದಿನ ಗೊತ್ತಾಗುತ್ತದೆ. ಅದೂ ಬೆಳಿಗ್ಗೆ 9ರ ಒಳಗೆ, ಇಲ್ಲವೇ ಸಂಜೆ 6ರ ಮೇಲೆ. ಜೂನ್ 1ರಿಂದ ಆಗಸ್ಟ್ 31ರವರೆಗೆ ಸ್ಪ್ರಿಂಕ್ಲರ್ ಮುಟ್ಟುವ ಹಾಗೇ ಇಲ್ಲ, ಅದು ಇಲ್ಲಿಯ ಮಳೆಗಾಲ. ಮನೆಯಲ್ಲಿ ಸ್ವಂತ ಬೋರ್ ಇದ್ದವರಿಗೆ ಮೊದಲು ವಾರಕ್ಕೆ ಮೂರು ದಿನ ಇತ್ತು. 2022ರಿಂದ ಅವರಿಗೂ ಎರಡೇ ದಿನ. ಮಕ್ಕಳಿಗೆ ಕೂಡ ಇದು ಬಾಯಿಪಾಠ. "ನಮ್ಮದು ಇವತ್ತಲ್ಲ" ಅಂತ ನನ್ನ ಮಗನೇ ನಲ್ಲಿ ಆಫ್ ಮಾಡುತ್ತಾನೆ.

ಆದರೆ ನಗರದಿಂದ ಒಳಗೆ ಹೋದರೆ ಬೇರೆ ಲೋಕ. ಗೋಧಿ ಬೆಳೆಯುವ ಪ್ರದೇಶದಲ್ಲಿ ರೈತರ ಡ್ಯಾಂ ಒಣಗಿ, 2019 ಮತ್ತು 2020ರಲ್ಲಿ ಸರ್ಕಾರವೇ ಕೆಲವು ಕಡೆ ನೀರಿನ ಕೊರತೆ ಘೋಷಣೆ ಮಾಡಿ ಲಾರಿಯಲ್ಲಿ ನೀರು ಸಾಗಿಸಿತು. ನಿಮ್ಮ ಹೆಂಡತಿ ನರ್ಸ್ ಅಂದಿರಿ. ವೀಸಾಗೆ ಅನುಕೂಲ ಅಂತ ನರ್ಸ್‌ಗಳನ್ನು ಒಳನಾಡಿನ ಊರುಗಳಿಗೆ ಕರೆಯುವುದು ಜಾಸ್ತಿ. ಆಫರ್ ಪರ್ತ್‌ನದ್ದಾ ಇಲ್ಲ ಅಂಥ ಊರಿನದ್ದಾ ಅಂತ ಸರಿಯಾಗಿ ನೋಡಿಕೊಳ್ಳಿ. ದೂರದ ಊರು ಅಂದ ಮಾತ್ರಕ್ಕೆ ನೀರಿಲ್ಲ ಅಂತಲೂ ಅಲ್ಲ. ಕಾಲ್ಗೂರ್ಲಿ ಚಿನ್ನದ ಗಣಿಯ ಊರು, ಸುತ್ತ ಒಣ ಭೂಮಿ. ಅಲ್ಲಿಗೆ 1903ರಿಂದ ಪರ್ತ್ ಹತ್ತಿರದ ಮಂಡೇರಿಂಗ್ ಅಣೆಕಟ್ಟಿನಿಂದ 500 ಕಿಲೋಮೀಟರ್‌ಗೂ ಉದ್ದದ ಪೈಪಿನಲ್ಲಿ ನೀರು ಹೋಗುತ್ತಿದೆ. ಪೈಪು ಇದೆಯಾ ಇಲ್ಲವಾ ಅನ್ನುವುದೇ ಮುಖ್ಯ.

ನನಗೆ ಇಲ್ಲಿ ಸಂಕಟ ಆಗುವುದು ಮನೆಯ ನೀರಿನ ವಿಷಯಕ್ಕಲ್ಲ, ಮರಗಳ ವಿಷಯಕ್ಕೆ. 2024ರ ಬೇಸಿಗೆ ಮುಗಿಯುವ ಹೊತ್ತಿಗೆ ಇಲ್ಲಿಯ ಕಾಡಿನಲ್ಲಿ, ರಸ್ತೆ ಬದಿಯಲ್ಲಿ ಮರಗಳು ಸಾಲುಸಾಲಾಗಿ ಕಂದು ತಿರುಗಿದವು. ಎಲೆ ಉದುರಲೂ ಇಲ್ಲ, ಕೊಂಬೆಯಲ್ಲೇ ಒಣಗಿ ನಿಂತಿದ್ದವು. ಜನರಿಗೆ ಸಮುದ್ರದಿಂದ ನೀರು ತರಬಹುದು, ಕಾಡಿಗೆ ಯಾರು ತರುತ್ತಾರೆ? ಮಗಳಿಗೆ ಹಸಿರು ನೋಡುತ್ತಾ ಬೆಳೆಯಬೇಕು ಅನ್ನುವ ಆಸೆ ನಿಮಗಿದ್ದರೆ ಇದನ್ನೂ ಯೋಚಿಸಿ.

ಚಳಿನಾಡು:

ಕ್ಯಾಲ್ಗರಿಯಿಂದ ಬರೆಯುತ್ತಿದ್ದೇನೆ. ಇಲ್ಲಿಗೆ ಬರುವಾಗ ನೀರಿನ ವಿಷಯ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಕೆನಡಾ ಅಂದರೆ ಕೆರೆಗಳ ದೇಶ ಅಲ್ವಾ.

2024ರ ಜೂನ್ 5ರ ಸಂಜೆ ಊರಿನ ದೊಡ್ಡ ಮುಖ್ಯ ಪೈಪು ಒಡೆಯಿತು. ಎರಡು ಮೀಟರ್ ಹತ್ತಿರ ಅಗಲದ ಕಾಂಕ್ರೀಟ್ ಪೈಪು, 1975ರಲ್ಲಿ ಹಾಕಿದ್ದು. ಊರಿನ ಶುದ್ಧ ನೀರಿನಲ್ಲಿ ನೂರಕ್ಕೆ ಸುಮಾರು 60 ಪಾಲು ಅದೊಂದರಲ್ಲೇ ಹೋಗುತ್ತಿತ್ತು. ಮೊಬೈಲಿಗೆ ತುರ್ತು ಎಚ್ಚರಿಕೆ ಬಂತು, ಹನ್ನೆರಡು ಲಕ್ಷ ದಾಟಿದ ಊರಿನಲ್ಲಿ ಎಲ್ಲರಿಗೂ. ಆಮೇಲೆ ವಾರಗಟ್ಟಲೆ ನಾಲ್ಕರಲ್ಲಿ ಒಂದು ಪಾಲು ಬಳಕೆ ಕಡಿಮೆ ಮಾಡಿ ಅಂತ ದಿನವೂ ಕೇಳಿಕೊಂಡರು. ಊರಿನ ದಿನದ ಬಳಕೆ 48 ಕೋಟಿ ಲೀಟರ್ ಒಳಗಿರಬೇಕು ಅಂತ ಗುರಿ. ನಿನ್ನೆ ಎಷ್ಟಾಯಿತು ಅಂತ ಬೆಳಿಗ್ಗೆ ನೋಡುವುದು ಅಭ್ಯಾಸವೇ ಆಗಿಹೋಯಿತು. ನಮ್ಮ ಮನೆಯಲ್ಲಿ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಟಾಯ್ಲೆಟ್ಟಿಗೆ ಹಾಕುತ್ತಿದ್ದೆವು. ಬಟ್ಟೆ ಒಗೆಯುವುದು ಮುಂದಕ್ಕೆ ಹಾಕುತ್ತಿದ್ದೆವು. ಅದೇ ಹೊತ್ತಿನಲ್ಲಿ ಬೋ ನದಿ ಹಿಮ ಕರಗಿ ದಡ ಮುಟ್ಟಿ ಹರಿಯುತ್ತಿತ್ತು. ನದಿಯಲ್ಲಿ ಬೇಕಾದಷ್ಟು ನೀರು, ಮನೆಗೆ ತರುವ ದಾರಿ ಒಡೆದಿದೆ.

ಅದೇ ವರ್ಷದ ಏಪ್ರಿಲ್‌ನಲ್ಲಿ ಚಿತ್ರ ಇನ್ನೊಂದು ರೀತಿ ಇತ್ತು. ಬೆಟ್ಟದಲ್ಲಿ ಹಿಮ ಕಡಿಮೆ ಬಿದ್ದಿತ್ತು. ಬೇಸಿಗೆಗೆ ಬರ ಅಂತ ಎಲ್ಲರೂ ಹೆದರಿದ್ದರು. ಆಗ ದಕ್ಷಿಣ ಆಲ್ಬರ್ಟಾದ 38 ದೊಡ್ಡ ಲೈಸೆನ್ಸ್‌ದಾರರು, ನಗರಗಳು, ನೀರಾವರಿ ಸಂಘಗಳು, ಕಾರ್ಖಾನೆಗಳು ಕೂತು ಬರ ಬಂದರೆ ನೀರು ಹಂಚಿಕೊಳ್ಳುತ್ತೇವೆ ಅಂತ ಒಪ್ಪಂದಕ್ಕೆ ಸಹಿ ಹಾಕಿದರು. ಹಳೆಯ ಹಕ್ಕು ಇದ್ದವರೂ ಸಹಿ ಹಾಕಿದರು. ಇದು ನನಗೆ ತುಂಬಾ ಧೈರ್ಯ ಕೊಟ್ಟ ಸಂಗತಿ. ಕಾನೂನು ನನ್ನ ಕಡೆ ಇದೆ ಅಂತ ಯಾರೂ ಪಟ್ಟು ಹಿಡಿಯಲಿಲ್ಲ.

ಮನೆ ಕೊಳ್ಳುವಾಗ ಊರಿನ ಹೊರಗಿನ ಸಣ್ಣ ಪಟ್ಟಣಗಳ ನೀರಿನ ಲೈಸೆನ್ಸ್ ಎಷ್ಟಿದೆ ಅಂತ ಕೇಳಿ. ಕ್ಯಾಲ್ಗರಿಯ ದಕ್ಷಿಣದ ಓಕೊಟೋಕ್ಸ್ 1998ರಲ್ಲಿ ತನ್ನ ಶೀಪ್ ನದಿಯ ನೀರು ನೋಡಿಕೊಂಡು, 30 ಸಾವಿರಕ್ಕಿಂತ ಜಾಸ್ತಿ ಜನ ಬೇಡ ಅಂತ ಮಿತಿಯನ್ನೇ ಹಾಕಿಕೊಂಡಿತ್ತು. 2012ರಲ್ಲಿ ಆ ಮಿತಿ ತೆಗೆದರು. ಒಂದು ಊರು ತನ್ನ ನೀರು ಇಷ್ಟೇ ಅಂತ ಲೆಕ್ಕ ಹಾಕಿ ಬೆಳವಣಿಗೆಯನ್ನೇ ತಡೆದದ್ದು ನನಗೆ ಇವತ್ತಿಗೂ ಗೌರವದ ವಿಷಯ.

ದೂರದಾರಿ:

ಮೂವರಿಗೂ ತುಂಬಾ ಧನ್ಯವಾದ. ಸ್ವಾನ್ ದಂಡೆ ಅವರೇ, ಆಫರ್ ಲೆಟರ್ ತೆಗೆದು ನೋಡಿದೆವು. ಆಸ್ಪತ್ರೆ ಪರ್ತ್ ನಗರದಲ್ಲೇ ಇದೆ.

ಒಂದು ಅನುಮಾನ ಉಳಿದಿದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಕೂಡ ಚೆನ್ನಾಗಿ ಕಟ್ಟಿದ ನಗರವೇ ಆಗಿತ್ತಲ್ಲ. ಅಲ್ಲಿ 2018ರಲ್ಲಿ ನಲ್ಲಿ ಪೂರ್ತಿ ನಿಲ್ಲುವ ಹಂತ ಬಂದಮೇಲೆ ಪರ್ತ್‌ನಲ್ಲಿ ಆಗುವುದಿಲ್ಲ ಅಂತ ಹೇಗೆ ನಂಬುವುದು? ಹೆಂಡತಿಯ ಪ್ರಶ್ನೆಗೂ ಇನ್ನೂ ಉತ್ತರ ಸಿಕ್ಕಿಲ್ಲ.

ಮೋಡದ ಬೆನ್ನು:

2018ರಲ್ಲಿ ನಾನು ಕೇಪ್‌ಟೌನಿನಲ್ಲಿದ್ದೆ, ಹಾಗಾಗಿ ಬರೆಯುತ್ತೇನೆ.

ಅಲ್ಲಿ ಇದ್ದದ್ದು ಆರು ದೊಡ್ಡ ಅಣೆಕಟ್ಟು. ಆದರೆ ಆರೂ ತುಂಬುವುದು ಒಂದೇ ಚಳಿಗಾಲದ ಮಳೆಯಿಂದ. 2015, 2016, 2017, ಮೂರು ವರ್ಷ ಸಾಲಾಗಿ ಆ ಮಳೆ ಕೈಕೊಟ್ಟಿತು. ನೋಡುವುದಕ್ಕೆ ಆರು ಮೂಲ, ನಿಜದಲ್ಲಿ ಒಂದೇ. ಸಮುದ್ರದ ಪಕ್ಕದಲ್ಲೇ ಇದ್ದರೂ ಉಪ್ಪು ತೆಗೆಯುವ ದೊಡ್ಡ ಘಟಕ ಇರಲಿಲ್ಲ. ತಾತ್ಕಾಲಿಕ ಘಟಕಗಳಿಗೆ ಓಡಾಡಿದ್ದು ಡ್ಯಾಂ ತಳ ಕಂಡಮೇಲೆ. ಬಾಯಾರಿದಾಗ ಬಾವಿ ತೋಡಿದ ಹಾಗೆ ಆಯಿತು. ಪರ್ತ್‌ಗೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನನಗೆ ಅನ್ನಿಸುತ್ತದೆ.

2018ರ ಫೆಬ್ರವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ. ಕುಡಿಯುವುದು, ಅಡುಗೆ, ಸ್ನಾನ, ಬಟ್ಟೆ, ಟಾಯ್ಲೆಟ್, ಎಲ್ಲ ಅದರಲ್ಲೇ. ಸ್ನಾನ ಎರಡು ನಿಮಿಷ. ಕಾಲ ಕೆಳಗೆ ಟಬ್ಬು ಇಟ್ಟುಕೊಂಡು ನಿಲ್ಲುವುದು. ಆ ನೀರು ಟಾಯ್ಲೆಟ್ಟಿಗೆ. ನ್ಯೂಲ್ಯಾಂಡ್ಸ್‌ನ ಬುಗ್ಗೆ ಹತ್ತಿರ ಕ್ಯಾನ್ ಹಿಡಿದು ಸಾಲು, ರಾತ್ರಿಯೂ. ನಗರದವರು ಒಂದು ನಕ್ಷೆ ಹಾಕಿದರು. ಮಿತಿಯೊಳಗೆ ಬಳಸಿದ ಮನೆಗೆ ಹಸಿರು ಚುಕ್ಕೆ. ನಮ್ಮ ಮನೆಗೆ ಚುಕ್ಕೆ ಬಂದಿದೆಯಾ ಅಂತ ಹುಡುಕಿ ನೋಡಿ, ಪಕ್ಕದ ಮನೆಯದನ್ನೂ ನೋಡುತ್ತಿದ್ದೆವು. ನಲ್ಲಿ ಪೂರ್ತಿ ನಿಲ್ಲಿಸಿದರೆ ಊರಿನಲ್ಲಿ ಸುಮಾರು 200 ಕಡೆ ತಲೆಗೆ 25 ಲೀಟರ್ ಹಂಚುವುದು ಅಂತ ಯೋಜನೆ ತಯಾರಾಗಿತ್ತು. ಆ ದಿನ ಬರಲಿಲ್ಲ. ಫೆಬ್ರವರಿಯಲ್ಲಿ ಗ್ರೋನ್‌ಲ್ಯಾಂಡ್ ರೈತರ ಸಂಘದವರು ತಮ್ಮ ಜಲಾಶಯದಿಂದ ಒಂದು ಸಾವಿರ ಕೋಟಿ ಲೀಟರ್ ನಗರಕ್ಕೆ ಬಿಟ್ಟರು. ಜನ ಬಳಕೆಯನ್ನು ಅರ್ಧಕ್ಕೂ ಕಡಿಮೆ ಮಾಡಿದರು. ಜೂನ್‌ನಲ್ಲಿ ಮಳೆ ಬಂತು.

ವಲಸೆ ಬಂದವರ ಕಣ್ಣಿನಿಂದ ಒಂದು ಮಾತು ಹೇಳಲೇಬೇಕು. ದುಡ್ಡಿದ್ದವರು ಹಿತ್ತಲಲ್ಲಿ ಬೋರ್ ಹಾಕಿಸಿದರು, ಟ್ಯಾಂಕ್ ಇಡಿಸಿದರು. ಬಾಡಿಗೆಯವರಿಗೆ ಅದ್ಯಾವುದೂ ಆಗುವುದಿಲ್ಲ. ಮನೆಯ ನೆಲ ನಮ್ಮದಲ್ಲವಲ್ಲ. ಹೊಸದಾಗಿ ಬಂದವರು ಮೊದಲ ಕೆಲವು ವರ್ಷ ಬಾಡಿಗೆಯಲ್ಲೇ ಇರುತ್ತಾರೆ. ಹಾಗಾಗಿ ಊರಿನ ಸಾರ್ವಜನಿಕ ನಲ್ಲಿಯ ಮೇಲೆ ನಂಬಿಕೆ ಇಡಬಹುದಾ ಅನ್ನುವುದು ನಮ್ಮಂಥವರಿಗೆ ಉಳಿದವರಿಗಿಂತ ಜಾಸ್ತಿ ಮುಖ್ಯ.

ತೂಬು:

ಮೋಡದ ಬೆನ್ನು ಅವರು ಹೇಳಿದ "ನೋಡುವುದಕ್ಕೆ ಆರು, ನಿಜದಲ್ಲಿ ಒಂದೇ" ಅನ್ನುವುದು ನನ್ನ ಕೆಲಸದಲ್ಲಿ ದಿನವೂ ಎದುರಾಗುವ ಮಾತು. ಮೂಲಗಳನ್ನು ಎಣಿಸುವಾಗ ಅವೆಲ್ಲ ಒಟ್ಟಿಗೆ ಬತ್ತುತ್ತವಾ ಅಂತ ಕೇಳಬೇಕು. ಮಳೆ, ಅಂತರ್ಜಲ, ಸಮುದ್ರ, ಮರುಬಳಕೆ, ಇವು ಬೇರೆ ಬೇರೆ ಕಾರಣಕ್ಕೆ ಕೈಕೊಡುತ್ತವೆ. ಒಂದೇ ಕಣಿವೆಯ ಹತ್ತು ಡ್ಯಾಂ ಇದ್ದರೂ ಬರದ ವರ್ಷ ಎಲ್ಲವೂ ಒಟ್ಟಿಗೇ ಒಣಗುತ್ತವೆ. ಸಿಂಗಪುರದವರು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರು. ಮಲೇಷ್ಯಾದ ಜೊಹೊರ್‌ನಿಂದ ನೀರು ತರುವ 1962ರ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ತಮ್ಮ ಕಾಲ ಮೇಲೆ ನಿಲ್ಲಬೇಕು ಅಂತ 2003ರಿಂದಲೇ ಕೊಳಚೆ ನೀರನ್ನು ಶುದ್ಧ ಮಾಡಿ ಬಳಸುತ್ತಿದ್ದಾರೆ.

ನಿಮ್ಮ ಹೆಂಡತಿಯ ಪ್ರಶ್ನೆಯನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಅದು ಒಳ್ಳೆಯ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರ ಸಿಗಬೇಕು. ಜಗತ್ತಿನಲ್ಲಿ ನದಿ ಮತ್ತು ನೆಲದಿಂದ ಎತ್ತುವ ಸಿಹಿನೀರಿನಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಗೆ ಹೋಗುತ್ತದೆ. ಊರು, ಮನೆಗಳಿಗೆ ಹೋಗುವುದು 12 ಪಾಲಿನ ಆಸುಪಾಸು. ಅಲ್ಲದೆ ನಿಮ್ಮ ಅಡುಗೆಮನೆ, ಬಚ್ಚಲಿನ ನೀರು ಚರಂಡಿಯಲ್ಲಿ ಸೇರಿ ಶುದ್ಧವಾಗಿ ಮತ್ತೆ ಬಳಕೆಗೆ ಬರಬಹುದು. ತೋಟಕ್ಕೆ ಬಿಟ್ಟದ್ದು ಹೆಚ್ಚಿನ ಪಾಲು ಆವಿಯಾಗಿ ಹೋಗುತ್ತದೆ. ಹಾಗಾಗಿ ಮೂವರು ಹೋಗಿ ಒಂದು ನಗರದಲ್ಲಿ, ಹುಲ್ಲುಹಾಸು ಇಲ್ಲದ ಸಣ್ಣ ಮನೆಯಲ್ಲಿ ಇದ್ದರೆ ಆ ಊರಿಗೆ ಭಾರ ಆಗುವುದಿಲ್ಲ. ನಿಮ್ಮ ಹೆಂಡತಿ ಆಸ್ಪತ್ರೆಯಲ್ಲಿ ಮಾಡುವ ಕೆಲಸ ಆ ಊರಿಗೆ ಬೇಕಾದದ್ದೇ. ನಿಶ್ಚಿಂತೆಯಿಂದ ಹೋಗಿ ಅಂತ ಅವರಿಗೆ ಹೇಳಿ.

ತೂಕದ ಪ್ರಶ್ನೆಗೆ ಬರೋಣ. ಇಂಥ ಮೂರು ಊರುಗಳ ನಡುವೆ ಆರಿಸುವಾಗ ನೀರು ಒಂದನ್ನು ಹೊಡೆದುಹಾಕುವ ಕಾರಣ ಆಗಬೇಕಾಗಿಲ್ಲ. ಮೂರೂ ಕಡೆ ಸಂಸ್ಥೆ ಇದೆ, ದುಡ್ಡಿದೆ, ಲೆಕ್ಕ ಬಹಿರಂಗವಾಗಿದೆ. ನನ್ನನ್ನು ಕೇಳಿದರೆ ನೀರಿನ ಮಟ್ಟಿಗೆ ಪರ್ತ್ ಮೊದಲು, ಆಮೇಲೆ ಡಬ್ಲಿನ್, ಆಮೇಲೆ ಕ್ಯಾಲ್ಗರಿ. ಅಂತರ ಸಣ್ಣದು. ವಾರಕ್ಕೊಮ್ಮೆ ಪೈಪಿನಲ್ಲಿ ನೀರು ಬಿಟ್ಟು ಉಳಿದ ದಿನ ಚಾವಣಿಯ ಟ್ಯಾಂಕಿನಲ್ಲಿ ಬದುಕುವ ಜೋರ್ಡಾನ್‌ನಂಥ ಕಡೆ ನಿಮಗೆ ಆಫರ್ ಬಂದಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. ಅಲ್ಲಿ ನೀರನ್ನು ಸಂಬಳದ ಪಕ್ಕದಲ್ಲೇ ಇಟ್ಟು ತೂಗಬೇಕು.

ನೀರು ನಿಜವಾಗಿ ಭಾರವಾಗುವುದು ಮನೆ ಕೊಳ್ಳುವ ದಿನ. ಅಮೆರಿಕದ ಅರಿಝೋನಾದಲ್ಲಿ ಸ್ಕಾಟ್ಸ್‌ಡೇಲ್ ನಗರದ ಗಡಿಯಾಚೆ ರಿಯೊ ವೆರ್ಡೆ ಫುಟ್‌ಹಿಲ್ಸ್ ಅಂತ ಒಂದು ಬಡಾವಣೆ ಇದೆ. ಆ ಭಾಗದಲ್ಲಿ ಆರು ಅಥವಾ ಹೆಚ್ಚು ಸೈಟ್ ಮಾಡಿ ಮಾರಿದರೆ ನೂರು ವರ್ಷಕ್ಕೆ ನೀರಿದೆ ಅಂತ ತೋರಿಸಬೇಕು. ಐದೈದಾಗಿ ಒಡೆದು ಮಾರಿದರೆ ಆ ನಿಯಮ ಹತ್ತುವುದಿಲ್ಲ. ಹಾಗೆ ಎದ್ದ ನೂರಾರು ಮನೆಗಳಿಗೆ ಪೈಪೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಸ್ಕಾಟ್ಸ್‌ಡೇಲ್‌ನಿಂದ ಟ್ಯಾಂಕರ್ ಬರುತ್ತಿತ್ತು. 2023ರ ಜನವರಿ 1ಕ್ಕೆ ನಗರ ಅದನ್ನು ನಿಲ್ಲಿಸಿತು. ಶ್ರೀಮಂತ ದೇಶ, ಚೆಂದದ ಮನೆ, ನಲ್ಲಿಯಲ್ಲಿ ನೀರಿರಲಿಲ್ಲ. ಊರಿನ ಅಂಚಿನಲ್ಲಿ ಮನೆ ನೋಡುವಾಗ ನೀರು ಪುರಸಭೆಯ ಪೈಪಿನದ್ದಾ, ಸ್ವಂತ ಬಾವಿಯದ್ದಾ ಅಂತ ಕೇಳಿ. ಬಾವಿ ಆದರೆ ಬೇಸಿಗೆ ಕೊನೆಯಲ್ಲಿ ಎಷ್ಟು ನೀರು ಕೊಡುತ್ತದೆ ಅಂತ ಅಳೆಸಿ. ಆರ್ಸೆನಿಕ್ ಮತ್ತು ನೈಟ್ರೇಟ್‌ಗೆ ಪರೀಕ್ಷೆ ಮಾಡಿಸಿ, ಮಗು ಇರುವ ಮನೆಯಲ್ಲಿ ಇದನ್ನು ಬಿಡಬೇಡಿ.

ದೂರದಾರಿ:

ಹೆಂಡತಿ ಪೂರ್ತಿ ಓದಿದಳು. ಅವಳಿಗೆ ನಿರಾಳ ಆಯಿತು. ಪರ್ತ್‌ಗೆ ಒಪ್ಪಿಗೆ ಪತ್ರ ಬರೆಯುತ್ತಿದ್ದೇವೆ. ಸ್ವಾನ್ ದಂಡೆ ಅವರೇ, ಬಾಡಿಗೆ ಮನೆ ನೋಡುವಾಗ ನೀರಿನ ವಿಷಯದಲ್ಲಿ ಏನಾದರೂ ಕೇಳಬೇಕಾ?

ಸ್ವಾನ್ ದಂಡೆ:

ತುಂಬಾ ಸಂತೋಷ! ಎರಡು ವಿಷಯ ಕೇಳಿ. ಇಲ್ಲಿ ನೀರಿನ ಸ್ಥಿರ ಶುಲ್ಕ ಮಾಲೀಕರದು, ಬಳಸಿದ ನೀರಿನ ಬಿಲ್ಲು ಸಾಮಾನ್ಯವಾಗಿ ಬಾಡಿಗೆದಾರರದು. ಹಾಗಾಗಿ ಮನೆಗೆ ಹೋಗುವ ದಿನವೇ ಮೀಟರ್ ಓದಿ ಫೋಟೊ ತೆಗೆದಿಟ್ಟುಕೊಳ್ಳಿ. ಹುಲ್ಲುಹಾಸು ಇದ್ದರೆ ಅದನ್ನು ಹಸಿರಾಗಿ ಇಡುವ ಜವಾಬ್ದಾರಿ ಯಾರದು ಅಂತ ಕರಾರಿನಲ್ಲಿ ನೋಡಿ, ಬೇಸಿಗೆಯಲ್ಲಿ ಬಿಲ್ಲು ಏರುವುದು ಅದರಿಂದಲೇ. ಇಲ್ಲಿಯದೇ ಗಿಡ ಹಾಕಿರುವ ಮನೆ ಸಿಕ್ಕಿದರೆ ಬಿಡಬೇಡಿ. ಬಂದಮೇಲೆ ಹೇಳಿ, ಮನೆ ನೋಡುವುದಕ್ಕೆ ನಾನೂ ಜೊತೆಗೆ ಬರುತ್ತೇನೆ.